ಜೈಲಿನ ಪುಸ್ತಕ ಯಾರ ಮೇಲೆ ಕಣ್ಣಿಡಬೇಕು?

ಅಮೆರಿಕದಲ್ಲಿ ನಾನು ವಾಸವಾಗಿರುವ ಈ ಗ್ರಾಮೀಣ ಕೌಂಟಿಯಲ್ಲಿ ನಿನ್ನೆ ರಾತ್ರಿ ಯಾರು ಜೈಲಿಗೆ ಹೋದರು ಎಂದು ತಿಳಿಯಲು ಅರ್ಧ ನಿಮಿಷ ಸಾಕು. ಶೆರಿಫ್ ಕಚೇರಿಯ ಜಾಲತಾಣ ತೆರೆದರೆ ಹೆಸರು, ವಯಸ್ಸು, ಎತ್ತರ, ತೂಕ, ಆರೋಪ, ಜಾಮೀನಿನ ಮೊತ್ತ, ಜೊತೆಗೆ ನಿದ್ದೆಗೆಟ್ಟ ಕಣ್ಣುಗಳ ಒಂದು ಫೋಟೊ, ಎಲ್ಲವೂ ಪುಕ್ಕಟೆಯಾಗಿ ಸಿಗುತ್ತವೆ. ಆ ಮನುಷ್ಯ ಯಾವಾಗ ಹೊರಬಂದ, ಹೇಗೆ ಬಂದ, ನ್ಯಾಯಾಧೀಶರ ಮುಖ ನೋಡದೆ ಎಷ್ಟು ದಿನ ಒಳಗಿದ್ದ, ಕೊನೆಗೆ ಆರೋಪ ಏನಾಯಿತು ಎಂದು ತಿಳಿಯಬೇಕಾದರೆ ಮಾತ್ರ ಫೋನು, ಅರ್ಜಿ, ಕೋರ್ಟಿನ ಗುಮಾಸ್ತರು, ಕಾಯುವಿಕೆ. ಈ ವ್ಯವಸ್ಥೆ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಜೈಲಿನ ಪುಸ್ತಕ ಸಾರ್ವಜನಿಕವಾಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ತೆರೆದಿರಬೇಕಾದದ್ದು ಜೈಲು ನಡೆಸುವವರ ಮೇಲೆ ಜನ ಕಣ್ಣಿಡಲಿ ಎಂದು. ಈಗ ಅದು ಒಳಗೆ ಬಿದ್ದವರ ಮೇಲೆ ಊರು ಕಣ್ಣು ಹಾಯಿಸುವ ಕಿಟಕಿಯಾಗಿದೆ.

ಇಲ್ಲಿಯ ಪದ್ಧತಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಅಮೆರಿಕದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿವೆ. ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನ ಏನೋ ಒಂದು ಎಂದು ತಿಳಿದುಕೊಳ್ಳಬಹುದು. ಕೌಂಟಿಯ ಜೈಲು ಸಾಮಾನ್ಯವಾಗಿ ಶೆರಿಫನ ಕೈಯಲ್ಲಿರುತ್ತದೆ. ಬಹುತೇಕ ರಾಜ್ಯಗಳಲ್ಲಿ ಶೆರಿಫ್ ಎಂದರೆ ಜನ ಮತ ಹಾಕಿ ಆರಿಸುವ ಅಧಿಕಾರಿ. ಇಲ್ಲಿ 'ಜೈಲು' ಬೇರೆ, 'ಪ್ರಿಸನ್' ಬೇರೆ. ಶಿಕ್ಷೆಯಾಗಿ ವರ್ಷಗಟ್ಟಲೆ ಇರಬೇಕಾದವರು ರಾಜ್ಯದ ಅಥವಾ ಕೇಂದ್ರದ ಪ್ರಿಸನ್‌ಗೆ ಹೋಗುತ್ತಾರೆ. ಜೈಲಿನಲ್ಲಿರುವವರು ಹೆಚ್ಚಾಗಿ ಇನ್ನೂ ವಿಚಾರಣೆ ಮುಗಿಯದವರು, ಅಥವಾ ಸಣ್ಣ ಅವಧಿಯ ಶಿಕ್ಷೆಯವರು. 2022ರ ನಡುವರ್ಷದ ಸರ್ಕಾರಿ ಲೆಕ್ಕದ ಪ್ರಕಾರ ದೇಶದ ಸ್ಥಳೀಯ ಜೈಲುಗಳಲ್ಲಿ ಒಂದು ದಿನ ಇದ್ದವರು ಸುಮಾರು 6.6 ಲಕ್ಷ ಜನ. ಅವರಲ್ಲಿ ಶೇ. 70ರಷ್ಟು ಮಂದಿಯ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ ಜೈಲಿನ ಬಾಗಿಲು ದಾಟಿ ಒಳಹೋದ ಪ್ರಕರಣಗಳು 70 ಲಕ್ಷಕ್ಕೂ ಹೆಚ್ಚು.

ಒಳಹೋಗುವ ಆ ಕ್ಷಣದ ಹೆಸರೇ 'ಬುಕಿಂಗ್', ಅಂದರೆ ಪುಸ್ತಕಕ್ಕೆ ಏರಿಸುವುದು. ಹೆಸರು ಬರೆದುಕೊಳ್ಳುತ್ತಾರೆ, ಬೆರಳಚ್ಚು ಒತ್ತಿಸಿಕೊಳ್ಳುತ್ತಾರೆ, ಫೋಟೊ ತೆಗೆಯುತ್ತಾರೆ, ಜೇಬಿನಲ್ಲಿದ್ದದ್ದನ್ನು ಲೆಕ್ಕ ಹಾಕಿ ಚೀಲಕ್ಕೆ ಹಾಕುತ್ತಾರೆ, ಪೊಲೀಸರು ಹೇಳಿದ ಆರೋಪವನ್ನು ದಾಖಲಿಸುತ್ತಾರೆ. ಗಮನಿಸಿ, ಇದು ಪೊಲೀಸರು ಹೇಳಿದ ಆರೋಪ. ಸರ್ಕಾರಿ ವಕೀಲರು ಅದನ್ನು ಮರುದಿನವೇ ಬದಲಿಸಬಹುದು, ಕಡಿಮೆ ಮಾಡಬಹುದು, ಕೈಬಿಡಬಹುದು. ಪುಸ್ತಕದ ಸಾಲು ಮಾತ್ರ ಮೊದಲು ಬರೆದಂತೆಯೇ ಜಗತ್ತಿಗೆಲ್ಲ ಕಾಣುತ್ತದೆ.

ಇದನ್ನು ಸಾರ್ವಜನಿಕ ದಾಖಲೆ ಎಂದು ಇಟ್ಟಿದ್ದು ಯಾಕೆ? ಗುಟ್ಟಾದ ಸೆರೆಗೆ ಹೆದರಿ. ಹದಿನೆಂಟನೇ ಶತಮಾನದ ಇಂಗ್ಲಿಷ್ ಕಾನೂನು ಪಂಡಿತ ವಿಲಿಯಂ ಬ್ಲ್ಯಾಕ್‌ಸ್ಟನ್ ಒಂದು ಮಾತು ಹೇಳಿದ್ದ. ಒಬ್ಬನ ಪ್ರಾಣವನ್ನೋ ಆಸ್ತಿಯನ್ನೋ ದೊರೆ ಬಹಿರಂಗವಾಗಿ ಕಿತ್ತುಕೊಂಡರೆ ನಾಡೆಲ್ಲ ಎಚ್ಚೆತ್ತುಕೊಳ್ಳುತ್ತದೆ. ಅವನನ್ನು ಸದ್ದಿಲ್ಲದೆ ಸೆರೆಮನೆಗೆ ತಳ್ಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯಕಾರಿ ಎಂಬುದು ಅವನ ಮಾತಿನ ಸಾರ. ಅಮೆರಿಕದ ಸಂವಿಧಾನದ ಪರವಾಗಿ 1788ರಲ್ಲಿ ಬರೆಯುವಾಗ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಇದೇ ಮಾತನ್ನು ಎತ್ತಿಕೊಂಡ. ನಮಗೆ ಇದು ದೂರದ ತತ್ವವೇನಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮಾರ್ಚ್‌ನಲ್ಲಿ, ಕೇರಳದ ಇಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಹಾಸ್ಟೆಲಿನಿಂದ ಎತ್ತಿಕೊಂಡು ಹೋದರು. ತಂದೆ ಈಚರ ವಾರಿಯರ್ ಮುಂದಿನ ವರ್ಷ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಾಗ ಸರ್ಕಾರ ಕೊಟ್ಟ ಉತ್ತರ, ಅವನನ್ನು ನಾವು ಬಂಧಿಸಿಯೇ ಇಲ್ಲ ಎಂದು. ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಆಳುವವರಿಗೆ ಸಿಗುವ ಅನುಕೂಲ ಇದು. ಆದ್ದರಿಂದ ಬಂಧಿತರ ಪಟ್ಟಿ ಎಂದರೆ ಸರ್ಕಾರ ಜನರಿಗೆ ಬರೆದುಕೊಟ್ಟ ಒಂದು ರಸೀದಿ. 'ಈ ಮನುಷ್ಯ ನಮ್ಮ ವಶದಲ್ಲಿದ್ದಾನೆ, ಇಂಥ ಹೊತ್ತಿನಿಂದ, ಇಂಥವರ ಆದೇಶದಿಂದ, ಅವನ ಜೀವಕ್ಕೆ ನಾವು ಹೊಣೆ' ಎಂಬ ರಸೀದಿ.

ಈ ರಸೀದಿ ಇವತ್ತು ಗ್ರಾಮೀಣ ಕೌಂಟಿಯಲ್ಲಿ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಊರಲ್ಲಿ ಒಂದು ವಿಶ್ವವಿದ್ಯಾಲಯವಿದೆ, ಬೆರಳೆಣಿಕೆಯ ಕನ್ನಡದ ಮನೆಗಳಿವೆ. ಹೊಸದಾಗಿ ಬಂದ ಹುಡುಗರಿಗೆ ಏನಾದರೂ ಆದರೆ ಯಾರೋ ನನ್ನ ನಂಬರ್ ಕೊಡುತ್ತಾರೆ. ಎರಡು ವರ್ಷದ ಹಿಂದೆ ಶಿವಮೊಗ್ಗ ಕಡೆಯ ಒಬ್ಬ ತಾಯಿ ಫೋನ್ ಮಾಡಿದರು. ಮಗ ಹಿಂದಿನ ಸಂಜೆಯಿಂದ ಫೋನ್ ಎತ್ತುತ್ತಿಲ್ಲ, ಪೊಲೀಸರು ಕಾರು ನಿಲ್ಲಿಸಿದರು ಅಂತ ರೂಮ್‌ಮೇಟ್ ಹೇಳಿದ ಎಂದರು. ನಮ್ಮ ಕೌಂಟಿಯ ಪಟ್ಟಿ ತೆರೆದೆ. ಅವನ ಹೆಸರಿರಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದು ಓದುಗರಲ್ಲಿ ಕೆಲವರಿಗಾದರೂ ಉಪಯೋಗಕ್ಕೆ ಬರಬಹುದು. ಮೊದಲನೆಯದು, ಹೆಸರು. ನಮ್ಮವರಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರೇ ಇರುವುದಿಲ್ಲ. ಅಂಥವರ ವೀಸಾದಲ್ಲಿ, ಅದನ್ನು ನೋಡಿ ಕೊಟ್ಟ ಡ್ರೈವಿಂಗ್ ಲೈಸೆನ್ಸಿನಲ್ಲಿ, ಇಡೀ ಹೆಸರು ಮನೆತನದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬಿದ್ದಿರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಚುಟುಕು ಅದು. ಜೈಲಿನ ಪಟ್ಟಿಯಲ್ಲಿ ಹುಡುಕುವಾಗ ಹೆಸರನ್ನು ಹಿಂದುಮುಂದು ಮಾಡಿ, ಕಾಗುಣಿತ ಬದಲಿಸಿ, ಈ ಎಫ್‌ಎನ್‌ಯು ಹಾಕಿಯೂ ನೋಡಬೇಕು. ಎರಡನೆಯದು, ಜಾಗ. ಬಂಧನ ನಡೆದ ಕೌಂಟಿಯಲ್ಲೇ ಮನುಷ್ಯ ಇರುತ್ತಾನೆಂದು ಹೇಳಲಾಗದು. ಚಿಕ್ಕ ಕೌಂಟಿಗಳಲ್ಲಿ ಜೈಲೇ ಇರುವುದಿಲ್ಲ, ಇದ್ದರೂ ಜಾಗ ಇರುವುದಿಲ್ಲ. ಪಕ್ಕದ ಕೌಂಟಿಗೆ ದಿನಕ್ಕೆ ಇಷ್ಟು ಡಾಲರ್ ಎಂದು ಬಾಡಿಗೆ ಕೊಟ್ಟು ಹಾಸಿಗೆ ಪಡೆಯುತ್ತಾರೆ. ಬಾಡಿಗೆಯ ಆಸೆಗೆ ಬೇಕಾದದ್ದಕ್ಕಿಂತ ದೊಡ್ಡ ಜೈಲು ಕಟ್ಟಿಕೊಂಡ ಗ್ರಾಮೀಣ ಕೌಂಟಿಗಳೂ ಇವೆ. ಹೀಗಾಗಿ ಸುತ್ತಲಿನ ಮೂರು ನಾಲ್ಕು ಕೌಂಟಿಗಳ ಪಟ್ಟಿ ನೋಡಬೇಕು. ಪಟ್ಟಿಯೇ ಇಲ್ಲದ ಕಡೆ ಜೈಲಿಗೆ ನೇರವಾಗಿ ಫೋನ್ ಮಾಡಿ ಹೆಸರು, ಹುಟ್ಟಿದ ದಿನಾಂಕ ಹೇಳಿ ಕೇಳಬೇಕು. ವಲಸೆ ಇಲಾಖೆ ವಶಕ್ಕೆ ಪಡೆದಿದ್ದರೆ ಅದರ ಹುಡುಕಾಟದ ಪುಟವೇ ಬೇರೆ, ಕೇಂದ್ರದ ಪ್ರಿಸನ್‌ಗಳದ್ದು ಇನ್ನೊಂದು. ಮೂರನೆಯದು, ಪಟ್ಟಿಯಲ್ಲಿ 'ಹೋಲ್ಡ್' ಎಂಬ ಪದ ಇದೆಯೇ ನೋಡಬೇಕು. ಬೇರೆ ಕೌಂಟಿಯೋ ಬೇರೆ ಇಲಾಖೆಯೋ ಇವನು ನಮಗೆ ಬೇಕು ಎಂದಿದೆ ಎಂಬುದು ಅದರ ಅರ್ಥ. ಆಗ ಜಾಮೀನಿನ ಹಣ ಕಟ್ಟಿದರೂ ಬಾಗಿಲು ತೆರೆಯದಿರಬಹುದು.

ಆ ಹುಡುಗ ಸಿಕ್ಕಿದ್ದು ಎರಡು ಕೌಂಟಿ ಆಚೆ. ವೇಗವಾಗಿ ಓಡಿಸಿದ್ದಕ್ಕೆ ಹಿಂದೆಂದೋ ಬಿದ್ದ ಚೀಟಿಯೊಂದರ ವಾಯಿದೆಗೆ ಅವನು ಹೋಗಿರಲಿಲ್ಲ, ಅದಕ್ಕೆ ವಾರಂಟ್ ಆಗಿತ್ತು. ಹೆಸರಿನ ಎರಡು ತುಂಡುಗಳು ಅದಲುಬದಲಾಗಿದ್ದವು. ಅವರ ತಾಯಿಗೆ ಪುಟದ ಕೊಂಡಿ ಕಳಿಸಿದೆ. ಮಗನ ಫೋಟೊ ನೋಡಿ ಅತ್ತರು, ಆದರೂ ಜೀವಂತ ಇದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡರು. ಇಲ್ಲಿಯವರೆಗೆ ಆ ಪುಸ್ತಕ ತನ್ನ ಕೆಲಸ ಮಾಡಿತು. ಮರುದಿನ ಬೆಳಗಿನ ಜಾವ ಅವರಿಂದ ಮತ್ತೆ ಫೋನ್ ಬಂತು. ದನಿ ನಡುಗುತ್ತಿತ್ತು.

"ಅಣ್ಣಾ, ಅವನ ಹೆಸರು ಅಲ್ಲಿಂದ ಅಳಿಸಿಬಿಟ್ಟಿದ್ದಾರೆ. ಹಂಗಂದ್ರೆ ಏನರ್ಥ?"

ಬಿಡುಗಡೆ ಎಂದಿರಬಹುದು. ಬೇರೆ ಜೈಲಿಗೆ ಸಾಗಿಸಿರಬಹುದು. ವಲಸೆ ಇಲಾಖೆಗೆ ಒಪ್ಪಿಸಿರಬಹುದು. ಆಸ್ಪತ್ರೆಗೆ ಒಯ್ದಿರಬಹುದು. ಇದಕ್ಕಿಂತ ಕೆಟ್ಟದ್ದೂ ಆಗಿರಬಹುದು. ಆ ಪುಟ ಈ ಐದಕ್ಕೂ ಕೊಡುವ ಉತ್ತರ ಒಂದೇ, ಖಾಲಿ ಜಾಗ. ಜೈಲಿಗೆ ಫೋನ್ ಮಾಡಿದರೆ 'ಅವನು ಈಗ ನಮ್ಮಲ್ಲಿಲ್ಲ' ಎಂದರು. ಎಲ್ಲಿಗೆ ಹೋದ ಎಂದರೆ 'ಅದನ್ನು ಹೇಳಲಾಗುವುದಿಲ್ಲ' ಎಂದರು. ಹುಡುಗನನ್ನು ನಡುರಾತ್ರಿ ಬಿಟ್ಟಿದ್ದರು, ಅವನ ಫೋನಿನ ಚಾರ್ಜ್ ಮುಗಿದಿತ್ತು, ನಲವತ್ತು ಮೈಲಿ ದೂರದ ಊರಿಗೆ ಬಸ್ಸಿಲ್ಲದೆ ಪೆಟ್ರೋಲ್ ಬಂಕೊಂದರಲ್ಲಿ ಬೆಳಗಾಗುವುದನ್ನು ಕಾಯುತ್ತ ಕೂತಿದ್ದ. ಇದು ತಿಳಿಯಲು ನಮಗೆ ಐದು ಗಂಟೆ ಹಿಡಿಯಿತು. ಅವನ ಪ್ರಕರಣ ದಂಡ ಕಟ್ಟಿ ಮುಗಿಯಿತು. ಶೆರಿಫ್ ಪುಟದಿಂದ ಅಳಿಸಿಹೋದ ಫೋಟೊ ಮಾತ್ರ ಅಷ್ಟರಲ್ಲಿ ಬೇರೊಂದು ಖಾಸಗಿ ಜಾಲತಾಣದಲ್ಲಿ ಕೂತಿತ್ತು, ಈಗಲೂ ಇದೆ. ಬಂಧನಕ್ಕೆ ಸಾವಿರ ಸಾಕ್ಷಿ, ಬಿಡುಗಡೆಗೆ ಒಂದೂ ಇಲ್ಲ.

ಈ ಫೋಟೊಗಳ ವ್ಯಾಪಾರದ ಬಗ್ಗೆ ಹೇಳಲೇಬೇಕು. ಕೌಂಟಿಗಳ ಪುಟಗಳಿಂದ ಬುಕಿಂಗ್ ಫೋಟೊಗಳನ್ನು ಯಂತ್ರದ ಮೂಲಕ ಸೆಳೆದುಕೊಂಡು, ಗೂಗಲ್‌ನಲ್ಲಿ ಹೆಸರು ಹಾಕಿದರೆ ಮೊದಲು ಬರುವಂತೆ ಮಾಡಿ, ಆಮೇಲೆ 'ತೆಗೆಯಬೇಕೇ, ಇಷ್ಟು ಡಾಲರ್ ಕೊಡಿ' ಎನ್ನುವ ದಂಧೆ ಇಲ್ಲಿ ವರ್ಷಗಟ್ಟಲೆ ನಡೆಯಿತು. ಜಾರ್ಜಿಯಾ ರಾಜ್ಯ 2013ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಫೋಟೊ ತೆಗೆಯಲು ಹಣ ಕೇಳುವುದು 2015ರಿಂದ ಕಾನೂನುಬಾಹಿರ. 2018ರಲ್ಲಿ ಅದೇ ರಾಜ್ಯದ ಅಟಾರ್ನಿ ಜನರಲ್ ಇಂಥ ಜಾಲತಾಣವೊಂದನ್ನು ನಡೆಸುತ್ತಿದ್ದರೆಂದು ನಾಲ್ವರ ಮೇಲೆ ಸುಲಿಗೆಯ ಮೊಕದ್ದಮೆ ಹೂಡಿದರು. ಆದರೆ ಬೆಲೆ ಕೇಳುವುದನ್ನು ನಿಲ್ಲಿಸಿದ ಮಾತ್ರಕ್ಕೆ ಫೋಟೊ ಮಾಯವಾಗುವುದಿಲ್ಲ. ಜಾಹೀರಾತಿನ ಹಣ ಬರುತ್ತಲೇ ಇರುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ. ಮನೆ ಬಾಡಿಗೆಗೆ ಹೋದಾಗ, ಕೆಲಸಕ್ಕೆ ಹೋದಾಗ, ಹೆಣ್ಣು ಕೊಡುವವರು ಹುಡುಗನ ಹೆಸರು ಹುಡುಕಿದಾಗ ಎದುರಾಗುವುದು ಆ ಒಂದು ರಾತ್ರಿಯ ಮುಖ.

ಕೋರ್ಟುಗಳು ಏನು ಹೇಳಿವೆ? 1976ರ 'ಪಾಲ್ ವಿರುದ್ಧ ಡೇವಿಸ್' ತೀರ್ಪು ನೋಡಿ. ಕೆಂಟಕಿಯ ಲೂಯಿವಿಲ್‌ನಲ್ಲಿ ಪೊಲೀಸರು ಅಂಗಡಿಗಳ್ಳರದ್ದೆಂದು ಹೆಸರು, ಫೋಟೊಗಳ ಪಟ್ಟಿ ಅಚ್ಚುಹಾಕಿಸಿ ಸುಮಾರು 800 ವ್ಯಾಪಾರಿಗಳಿಗೆ ಹಂಚಿದ್ದರು. ಅದರಲ್ಲಿ ಪತ್ರಿಕಾ ಛಾಯಾಗ್ರಾಹಕನೊಬ್ಬನ ಮುಖವೂ ಇತ್ತು. ಅವನ ಮೇಲೆ ಆರೋಪವಿತ್ತೇ ಹೊರತು ಶಿಕ್ಷೆಯಾಗಿರಲಿಲ್ಲ, ಆಮೇಲೆ ಆ ಆರೋಪವೂ ವಜಾ ಆಯಿತು. ಬರಿಯ ಮಾನಹಾನಿಯಿಂದ ಸಂವಿಧಾನದ ಹಕ್ಕಿಗೆ ಧಕ್ಕೆಯಾಗದು ಎಂದು ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು. ಅದೇ ಕೋರ್ಟ್ 1989ರಲ್ಲಿ ಇನ್ನೊಂದು ಪ್ರಕರಣದಲ್ಲಿ ಬೇರೆಯದೇ ಬುದ್ಧಿ ತೋರಿತು. ಊರೂರಿನ ಕಚೇರಿಗಳಲ್ಲಿ ಚದುರಿ ಬಿದ್ದಿರುವ ದಾಖಲೆಗಳನ್ನು ಯಾರಾದರೂ ಹೋಗಿ ನೋಡಬಹುದು ಎಂಬುದು ಒಂದು ಮಾತು. ಅವನ್ನೆಲ್ಲ ಒಂದೇ ಕಂಪ್ಯೂಟರಿಗೆ ತುಂಬಿ ಒಬ್ಬನ ಜಾತಕದಂತೆ ತೆಗೆದುಕೊಡುವುದು ಮತ್ತೊಂದು ಮಾತು. ಎರಡನ್ನೂ ಒಂದೇ ಎನ್ನಲಾಗದು ಎಂದಿತು. ಹಳ್ಳಿಯ ಕೋರ್ಟಿನ ಕಪಾಟಿನಲ್ಲಿದ್ದಾಗ ಕಾಗದಕ್ಕೆ ಒಂದು ಸಹಜವಾದ ಮಬ್ಬು ಇತ್ತು, ಬೇಕಾದವರು ಮಾತ್ರ ಹೋಗಿ ನೋಡುತ್ತಿದ್ದರು. ಈಗ ಆ ಕಪಾಟು ಎಲ್ಲರ ಅಂಗೈಯಲ್ಲಿದೆ. ಕೌಂಟಿಗಳು ಮಾತ್ರ ಹಳೆಯ ಕಾಲದಲ್ಲೇ ಇದ್ದೇವೆಂದು ನಟಿಸುತ್ತಿವೆ.

ಹಾಗಾದರೆ ಎಲ್ಲವನ್ನೂ ಮುಚ್ಚಿಬಿಡೋಣ ಎನ್ನುವ ಒಳ್ಳೆಯ ಮನಸ್ಸಿನ ಗೆಳೆಯರಿದ್ದಾರೆ. ಅವರೊಂದಿಗೂ ನನ್ನ ಜಗಳವಿದೆ. ಮಿಸಿಸಿಪ್ಪಿ ರಾಜ್ಯದಲ್ಲಿ 82 ಕೌಂಟಿಗಳಿವೆ, ಬಹುಪಾಲು ಗ್ರಾಮೀಣ. ಅಲ್ಲಿಯ ಮ್ಯಾಕ್‌ಆರ್ಥರ್ ಜಸ್ಟಿಸ್ ಸೆಂಟರ್ ಕೆಲವು ವರ್ಷಗಳ ಹಿಂದೆ ಕೌಂಟಿ ಕೌಂಟಿಯ ಶೆರಿಫರಿಂದ ಜೈಲಿನ ಪಟ್ಟಿಗಳನ್ನು ಕೇಳಿ ಪಡೆದು ಒಂದೆಡೆ ಕೂಡಿಸಿತು. ಯಾರು ಯಾವಾಗ ಒಳಹೋದರು ಎಂಬ ದಿನಾಂಕದಿಂದ ಇವತ್ತಿಗೆ ಲೆಕ್ಕ ಹಾಕಿದಾಗ, ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಕೂತವರು ಸಾವಿರಾರು, ವರ್ಷ ಕಳೆದವರು ನೂರಾರು ಎಂದು ತಿಳಿಯಿತು. ಆ ಪಟ್ಟಿಗಳು ಗುಟ್ಟಾಗಿದ್ದರೆ ಈ ಲೆಕ್ಕ ಯಾರಿಗೂ ಸಿಗುತ್ತಿರಲಿಲ್ಲ. ಇದೇ ಪುಸ್ತಕ, ಆದರೆ ಇಲ್ಲಿ ಅದನ್ನು ಓದಿದ್ದು ಕೈದಿಯ ಮುಖಕ್ಕಾಗಿ ಅಲ್ಲ, ಜೈಲರನ ಹೊಣೆಗಾಗಿ.

ಬಿಡುಗಡೆಯ ದಿನಾಂಕ ಎಷ್ಟು ಮುಖ್ಯ ಎಂಬುದಕ್ಕೆ ಪಕ್ಕದ ಲೂಯಿಸಿಯಾನ ಸಾಕ್ಷಿ. ಅಲ್ಲಿ ರಾಜ್ಯದ ಕೈದಿಗಳಲ್ಲಿ ಅರ್ಧದಷ್ಟು ಜನರನ್ನು ಸ್ಥಳೀಯ ಶೆರಿಫರ ಜೈಲುಗಳಲ್ಲೇ ಇಡುತ್ತಾರೆ. ಕೇಂದ್ರದ ನ್ಯಾಯ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ವರದಿಯ ಪ್ರಕಾರ, ಹಿಂದಿನ ವರ್ಷದ ಮೊದಲ ನಾಲ್ಕು ತಿಂಗಳಲ್ಲಿ ಬಿಡುಗಡೆಯಾದವರ ಪೈಕಿ ಕಾಲುಭಾಗಕ್ಕೂ ಹೆಚ್ಚು ಮಂದಿಯನ್ನು ಅವರ ಅವಧಿ ಮುಗಿದ ಮೇಲೂ ಒಳಗೇ ಇಟ್ಟುಕೊಳ್ಳಲಾಗಿತ್ತು. ಶಿಕ್ಷೆ ಮುಗಿದ ಮೇಲೂ ಮನುಷ್ಯನನ್ನು ಕೂಡಿಹಾಕುವುದಕ್ಕೆ ಏನೆನ್ನಬೇಕು? ಬಿಡುಗಡೆಯಾಗಬೇಕಿದ್ದ ದಿನ, ನಿಜವಾಗಿ ಬಿಡುಗಡೆಯಾದ ದಿನ, ಈ ಎರಡನ್ನು ಅಕ್ಕಪಕ್ಕ ಬರೆದು ಪ್ರಕಟಿಸಿದ್ದರೆ ಊರಿನ ಯಾವ ಪತ್ರಕರ್ತನಾದರೂ ಅದನ್ನು ಕಂಡುಹಿಡಿಯುತ್ತಿದ್ದ.

ಟೆಕ್ಸಾಸಿನ ವಾಲರ್ ಕೌಂಟಿಯ ಸಂಗತಿಯನ್ನು ಹಲವರು ಕೇಳಿರಬಹುದು. 2015ರ ಜುಲೈ 10ರಂದು ಲೇನ್ ಬದಲಿಸುವಾಗ ಸೂಚನೆ ಕೊಡಲಿಲ್ಲವೆಂದು ತಡೆದು, ಮಾತಿಗೆ ಮಾತು ಬೆಳೆದು, ಸ್ಯಾಂಡ್ರಾ ಬ್ಲ್ಯಾಂಡ್ ಎಂಬ ಕಪ್ಪು ಹೆಣ್ಣುಮಗಳನ್ನು ಬಂಧಿಸಿದರು. ಜಾಮೀನು 5,000 ಡಾಲರ್. ಅದರ ಹತ್ತನೇ ಒಂದು ಭಾಗ, ಅಂದರೆ ಸುಮಾರು 500 ಡಾಲರ್ ಹೊಂದಿಸಿದ್ದರೆ ಹೊರಬರಬಹುದಿತ್ತು. ಜುಲೈ 13ರ ಬೆಳಿಗ್ಗೆ ಅವರು ಸೆಲ್ಲಿನಲ್ಲಿ ಶವವಾಗಿ ಸಿಕ್ಕರು. ಗಂಟೆಗೊಮ್ಮೆಯಾದರೂ ಕೈದಿಗಳನ್ನು ಕಣ್ಣಾರೆ ನೋಡಬೇಕೆಂಬ ನಿಯಮವನ್ನು ಆ ಜೈಲು ಪಾಲಿಸಿರಲಿಲ್ಲವೆಂದು ರಾಜ್ಯದ ಜೈಲು ಆಯೋಗ ಹೇಳಿತು. 2016ರಲ್ಲಿ ಕುಟುಂಬದೊಂದಿಗೆ 19 ಲಕ್ಷ ಡಾಲರಿನ ಒಪ್ಪಂದವಾದಾಗ, ಸಿಬ್ಬಂದಿ ನಿಜವಾಗಿ ಸುತ್ತು ಬಂದರೇ ಎಂದು ದಾಖಲಿಸುವ ಎಲೆಕ್ಟ್ರಾನಿಕ್ ಸೆನ್ಸರ್‌ಗಳನ್ನು ಅಳವಡಿಸುವ ಷರತ್ತೂ ಸೇರಿತು. ಅವರ ಬುಕಿಂಗ್ ಫೋಟೊವನ್ನು ಇಡೀ ಜಗತ್ತು ನೋಡಿತು. ಯಾರು ಎಷ್ಟು ಗಂಟೆಗೆ ಆ ಸೆಲ್ಲಿನ ಮುಂದೆ ನಿಂತರು ಎಂಬ ಪುಸ್ತಕವನ್ನು ನೋಡಲು ಸಾವು, ಮೊಕದ್ದಮೆ, ಪ್ರತಿಭಟನೆ ಎಲ್ಲ ಬೇಕಾಯಿತು. ದೇಶದ ಮಟ್ಟದಲ್ಲೂ ಇದೇ ಕಥೆ. ವಶದಲ್ಲಿ ಸತ್ತವರ ಲೆಕ್ಕ ಇಡಬೇಕೆಂದು ಕಾನೂನಿದೆ. ಆದರೂ 2021ರ ಹಣಕಾಸು ವರ್ಷವೊಂದರಲ್ಲೇ ಕನಿಷ್ಠ 990 ಸಾವುಗಳು ನ್ಯಾಯ ಇಲಾಖೆಯ ಲೆಕ್ಕಕ್ಕೆ ಸಿಕ್ಕಿರಲಿಲ್ಲ ಎಂದು ಸೆನೆಟ್ಟಿನ ಉಪಸಮಿತಿ 2022ರಲ್ಲಿ ಬಯಲಿಗೆಳೆಯಿತು. ಪ್ರತಿಯೊಬ್ಬ ಕುಡುಕನ ಎತ್ತರ ತೂಕ ಬರೆದಿಡುವ ದೇಶಕ್ಕೆ ಸತ್ತವರನ್ನು ಎಣಿಸಲು ಬರಲಿಲ್ಲ.

ಬಿಡುಗಡೆಯ ಸುದ್ದಿ ಸಿಗದೆ ಪ್ರಾಣ ಹೋದವರೂ ಇದ್ದಾರೆ. 1993ರ ಡಿಸೆಂಬರಿನಲ್ಲಿ ಲೂಯಿವಿಲ್‌ನಲ್ಲಿ ಒಬ್ಬ ಯುವತಿಯನ್ನು ಅವಳ 21ನೇ ಹುಟ್ಟುಹಬ್ಬದ ದಿನ ಹಳೆಯ ಗೆಳೆಯ ಗುಂಡಿಟ್ಟು ಕೊಂದ. ಅವಳ ಮೇಲೆ ದೌರ್ಜನ್ಯ ಎಸಗಿ ಅವನು ಜೈಲಿನಲ್ಲಿದ್ದ. ಜಾಮೀನಿನ ಮೇಲೆ ಹೊರಬಂದದ್ದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ಆ ಸಾವಿನ ನಂತರ, 1994ರಲ್ಲಿ, ಅದೇ ಕೌಂಟಿಯಲ್ಲಿ 'ವೈನ್' ಎಂಬ ವ್ಯವಸ್ಥೆ ಹುಟ್ಟಿತು. ನೀವು ನಂಬರ್ ಕೊಟ್ಟು ಹೆಸರು ನೋಂದಾಯಿಸಿದರೆ, ಆ ಕೈದಿ ಬಿಡುಗಡೆಯಾದ ಕೂಡಲೇ ನಿಮಗೆ ಕರೆ ಬರುತ್ತದೆ. ಈಗ ಬಹುತೇಕ ರಾಜ್ಯಗಳಲ್ಲಿ ಇದು ಇದೆ. ಶಿವಮೊಗ್ಗದ ಆ ತಾಯಿಯಂಥವರಿಗೂ ಇದು ಉಪಯೋಗಕ್ಕೆ ಬರುತ್ತದೆ, ಆದರೆ ಗೊತ್ತಿರಬೇಕಷ್ಟೆ. ಇಲ್ಲಿ ಗಮನಿಸಬೇಕಾದದ್ದು ಇದು: ಅಗತ್ಯವಿರುವವರಿಗೆ ಅಗತ್ಯವಿರುವ ಹೊತ್ತಿಗೆ ಸುದ್ದಿ ಮುಟ್ಟಿಸಲು ಊರಿಗೆಲ್ಲ ಫೋಟೊ ಹಂಚಬೇಕಾಗಿಲ್ಲ.

'ತಪ್ಪು ಮಾಡದಿದ್ದರೆ ಭಯವೇಕೆ, ಅಕ್ಕಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ತಿಳಿಯುವ ಹಕ್ಕು ನಮಗಿಲ್ಲವೇ' ಎನ್ನುವವರಿಗೆ ನನ್ನ ಉತ್ತರ ಸರಳ. ಬುಕಿಂಗ್ ಪಟ್ಟಿ ತಪ್ಪು ಮಾಡಿದವರ ಪಟ್ಟಿಯೇ ಅಲ್ಲ. ವಾರಂಟ್ ಇಲ್ಲದೆ ಬಂಧಿಸಿದರೆ 48 ಗಂಟೆಯೊಳಗೆ ನ್ಯಾಯಾಧೀಶರೊಬ್ಬರು ಅದಕ್ಕೆ ಆಧಾರವಿದೆಯೇ ಎಂದು ಸಾಮಾನ್ಯವಾಗಿ ನೋಡಲೇಬೇಕು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಫೋಟೊ ಏರುವುದು ಅದಕ್ಕೂ ಮೊದಲು. ನ್ಯಾಯಾಧೀಶರೇ ಇನ್ನೂ ನೋಡದ ಆರೋಪದ ಮೇಲೆ ಊರು ತೀರ್ಪು ಕೊಟ್ಟು ಮುಗಿಸಿರುತ್ತದೆ. ಹತ್ತು ಸಾವಿರ ಜನರಿರುವ ಕೌಂಟಿಯಲ್ಲಿ ಇದರ ಪೆಟ್ಟು ಮಹಾನಗರದಲ್ಲಿ ಬೀಳುವಂಥದ್ದಲ್ಲ. ದಿನಸಿ ಅಂಗಡಿಯಲ್ಲಿ ಹಣ ಎಣಿಸುವವಳು, ಚರ್ಚಿನಲ್ಲಿ ಪಕ್ಕ ಕೂರುವವನು, ಮಕ್ಕಳ ಶಾಲಾ ಬಸ್ಸಿನ ಚಾಲಕ, ಎಲ್ಲರೂ ಅದೇ ಪುಟ ನೋಡಿರುತ್ತಾರೆ. ಆರೋಪ ಬಿದ್ದುಹೋದ ಸುದ್ದಿಗೆ ಮಾತ್ರ ಪುಟವಿಲ್ಲ.

ಆ ಒಂದು ರಾತ್ರಿಯ ದಾಖಲೆ ಎಷ್ಟು ದೂರ ಬೆನ್ನಟ್ಟಬಹುದು ಎಂಬುದನ್ನು 2025ರ ವಸಂತದಲ್ಲಿ ನಮ್ಮ ಮಕ್ಕಳೇ ಕಂಡರು. ಅಮೆರಿಕದ ವಲಸೆ ಅಧಿಕಾರಿಗಳು ಸುಮಾರು 13 ಲಕ್ಷ ವಿದೇಶಿ ವಿದ್ಯಾರ್ಥಿಗಳ ಹೆಸರನ್ನು ಎಫ್‌ಬಿಐನ ಅಪರಾಧ ಮಾಹಿತಿ ಕಣಜದ ಮೂಲಕ ಹಾಯಿಸಿದ್ದಾಗಿ ಕೋರ್ಟಿನಲ್ಲಿ ಒಪ್ಪಿಕೊಂಡರು. ಸುಮಾರು 6,400 ಹೆಸರುಗಳು ತಾಳೆಯಾದವು. ಸಾವಿರಾರು ವಿದ್ಯಾರ್ಥಿಗಳ ದಾಖಲಾತಿ ಏಕಾಏಕಿ ರದ್ದಾಯಿತು. ಅವರಲ್ಲಿ ಸಣ್ಣ ಸಂಚಾರ ಪ್ರಕರಣದವರಿದ್ದರು, ಆರೋಪ ವಜಾ ಆದವರಿದ್ದರು. ವಲಸೆ ವಕೀಲರ ಸಂಘ ಕಲೆಹಾಕಿದ 327 ಪ್ರಕರಣಗಳಲ್ಲಿ ಅರ್ಧದಷ್ಟು ಭಾರತದವರದ್ದು. ದೇಶದಾದ್ಯಂತ ಮೊಕದ್ದಮೆಗಳು ಬಿದ್ದ ಮೇಲೆ ಏಪ್ರಿಲ್ ಕೊನೆಯಲ್ಲಿ ಸರ್ಕಾರ ಹಿಂದೆ ಸರಿಯಿತು. ಕೌಂಟಿಯ ಪಟ್ಟಿ ಬೇರೆ, ಎಫ್‌ಬಿಐನ ಕಣಜ ಬೇರೆ, ನಿಜ. ಆದರೆ ರೋಗ ಒಂದೇ. ಬಂಧನ ಬರೆದುಕೊಂಡವರಿಗೆ ಅದರ ಮುಕ್ತಾಯ ಬರೆದುಕೊಳ್ಳುವ ಅವಸರವಿಲ್ಲ.

ನಾನು ಕೇಳುವುದು ಬಹಳ ಇಲ್ಲ. ಹೆಸರು, ಬಂಧಿಸಿದ ಇಲಾಖೆ, ಹೊತ್ತು, ಆರೋಪ, ಜಾಮೀನು, ಮುಂದಿನ ವಾಯಿದೆ, ಇವು ಮನುಷ್ಯ ಒಳಗಿರುವಷ್ಟು ದಿನ ಎಲ್ಲರಿಗೂ ಕಾಣಲಿ. ಹೊರಬಂದಾಗ ಸಾಲನ್ನು ಸುಮ್ಮನೆ ಅಳಿಸದೆ, ಬಿಡುಗಡೆಯೋ ವರ್ಗಾವಣೆಯೋ ಯಾರ ವಶಕ್ಕೋ ಎಂದು ಹೊತ್ತು ಸಹಿತ ಬರೆದು ಕೆಲವು ವಾರ ಉಳಿಸಲಿ, ಆಮೇಲೆ ಹೆಸರು ತೆಗೆದು ಅಂಕಿಯನ್ನು ಮಾತ್ರ ಶಾಶ್ವತವಾಗಿ ಇಡಲಿ. ಫೋಟೊ ಬೇಡ. ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸರು 2020ರಲ್ಲಿ ಬುಕಿಂಗ್ ಫೋಟೊ ಕೊಡುವುದನ್ನು ನಿಲ್ಲಿಸಿದರು, ಊರೇನೂ ಮುಳುಗಿಹೋಗಲಿಲ್ಲ. ಮತ್ತು ಪ್ರತಿ ಜೈಲೂ ತಿಂಗಳಿಗೊಮ್ಮೆ ತನ್ನದೇ ಲೆಕ್ಕ ಕೊಡಲಿ: ವಿಚಾರಣೆಯಿಲ್ಲದೆ ಎಷ್ಟು ಜನ ಎಷ್ಟು ದಿನದಿಂದ ಇದ್ದಾರೆ, ಬಡತನದಿಂದ ಜಾಮೀನು ಕಟ್ಟಲಾಗದೆ ಎಷ್ಟು ಮಂದಿ ಉಳಿದಿದ್ದಾರೆ, ಅವಧಿ ಮೀರಿ ಎಷ್ಟು ಮಂದಿಯನ್ನು ಇಟ್ಟುಕೊಂಡರು, ಎಷ್ಟು ಮಂದಿ ಸತ್ತರು. ಎತ್ತರ ತೂಕ ಅಳೆದು ಬರೆಯಲು ಸಿಬ್ಬಂದಿ ಇರುವ ಕಚೇರಿಗೆ ಇದು ಹೊರೆಯಾಗದು.

ಇದು ದೂರದ ದೇಶದ ಗೋಳು ಎಂದುಕೊಳ್ಳುವ ಮುನ್ನ ನಮ್ಮ ಕಾನೂನನ್ನೂ ತೆರೆದು ನೋಡಿ. 1996ರ ಡಿಸೆಂಬರಿನ ಡಿ. ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಂಧನವಾದ 12 ಗಂಟೆಯೊಳಗೆ ಅದರ ಮಾಹಿತಿ ಜಿಲ್ಲಾ ನಿಯಂತ್ರಣ ಕೊಠಡಿಗೆ ಹೋಗಬೇಕು, ಫಲಕದ ಮೇಲೆ ಕಾಣಬೇಕು ಎಂದಿತು. ದಂಡ ಪ್ರಕ್ರಿಯಾ ಸಂಹಿತೆಗೆ ಆಮೇಲೆ ಸೇರಿದ 41ಸಿ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಂಧಿತರ ಹೆಸರು, ವಿಳಾಸದ ಜೊತೆಗೆ ಬಂಧಿಸಿದ ಪೊಲೀಸ್ ಅಧಿಕಾರಿಯ ಹೆಸರು, ಹುದ್ದೆಯೂ ಆ ಫಲಕದಲ್ಲಿರಬೇಕು ಎಂದಿತು. ಇದಕ್ಕಿಂತ ಒಳ್ಳೆಯ ಸಾಲನ್ನು ನಾನು ಅಮೆರಿಕದ ಯಾವ ಕೌಂಟಿಯ ಪುಟದಲ್ಲೂ ಕಂಡಿಲ್ಲ. ಒಬ್ಬನ ಸ್ವಾತಂತ್ರ್ಯ ಕಿತ್ತುಕೊಂಡವನು ತನ್ನ ಹೆಸರನ್ನೂ ಅದರ ಪಕ್ಕದಲ್ಲೇ ಬರೆಯಬೇಕು ಎಂಬ ನ್ಯಾಯ ಅದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಈಗ ಆ ಜಾಗದಲ್ಲಿದೆ. ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪ ಪ್ರತಿ ಠಾಣೆಯಲ್ಲೂ ಡಿಜಿಟಲ್ ರೂಪದಲ್ಲಿಯೂ ಪ್ರದರ್ಶನವಾಗಲಿ ಎನ್ನುತ್ತದೆ. ಬಂಧಿಸಿದ ಅಧಿಕಾರಿಯ ಹೆಸರು ಆ ಸಾಲಿನಿಂದ ಬಿದ್ದುಹೋಗಿದೆ.

ಅಮೆರಿಕದ ಕೌಂಟಿಗಳು ಇಳಿದು ಹೋದ ಇಳಿಜಾರಿನ ಮೊದಲ ಮೆಟ್ಟಿಲು ಇದೇ. ಬಂಧಿತನ ವಿಳಾಸ ಪರದೆಯ ಮೇಲೆ, ಬಂಧಿಸಿದವನು ಪರದೆಯ ಹಿಂದೆ. ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ನಿಮ್ಮಲ್ಲಿ ಇದ್ದೀರಿ, ಪತ್ರಿಕೋದ್ಯಮದವರೂ ಇದ್ದೀರಿ. ನಿಮ್ಮೂರಿನ ಠಾಣೆಯ ಫಲಕದ ಮುಂದೆ ಒಮ್ಮೆ ನಿಂತು ನೋಡಿ. ಅದರಲ್ಲಿ ಯಾರ ಹೆಸರಿದೆ ಎಂಬುದಷ್ಟೇ ಅಲ್ಲ, ಯಾರ ಹೆಸರಿಲ್ಲ ಎಂಬುದನ್ನೂ ಬರೆದುಕೊಳ್ಳಿ. ಆಮೇಲೆ ಒಳಗೆ ಹೋಗಿ ಕೇಳಿ.